ಏಳು ವರ್ಷ ಸಾಕಿದ್ದು ಯಾವ ಬಳ್ಳಿಯನ್ನ?

ಹೂವು ಬಿಟ್ಟಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಫೋಟೊ ಹುಡುಕಿಕೊಂಡು ಕೆಳಗೆ ಓಡಬೇಡಿ. ಆದರೆ ನನ್ನ ವಿಸ್ಟೀರಿಯಾ, ಗೊಂಚಲು ಗೊಂಚಲಾಗಿ ಹೂ ಇಳಿಬಿಡುವ ಬಳ್ಳಿ, ಏಳು ವರ್ಷ ಯಾಕೆ ಹೂ ಬಿಡಲಿಲ್ಲ ಅನ್ನೋದು ಕೊನೆಗೂ ಗೊತ್ತಾಯಿತು. ಗೊತ್ತಾದ ದಿನ ಏಣಿ ಮೇಲೆ ಒಬ್ಬನೇ ನಿಂತು ನಕ್ಕೆ. ಇಳಿದ ಮೇಲೆ ನಗು ಬರಲಿಲ್ಲ.

ಗುಂಡಿ, ಕಂಬ, ತಂತಿ ಎಲ್ಲ ನಿಮಗೆ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. ತಂತಿ ಬಿಗಿಯುವ ಸ್ಕ್ರೂ ಬಗ್ಗೆ ಮಾತ್ರ ಒಂದು ಮಾತು. ಕೊಟ್ಟವರು ತುಕ್ಕು ಹಿಡಿಯೋದೇ ಇಲ್ಲ ಅಂದಿದ್ದರು. ಒಂದೇ ಮಳೆಗಾಲಕ್ಕೆ ಕೆಂಪಾಯಿತು. ನನ್ನ ಚಪ್ಪರದಲ್ಲಿ ಇಷ್ಟು ವರ್ಷ ಕಂಡ ಬಣ್ಣ ಅದೊಂದೇ.

ನಾನು ತಂದದ್ದು ಕಸಿ ಗಿಡ, ಅಂದರೆ ಒಂದು ಗಿಡದ ಬೇರಿನ ಮೇಲೆ ಇನ್ನೊಂದರ ಕಡ್ಡಿ ಕೂಡಿಸಿದ್ದು. ಜಪಾನಿನ ಜಾತಿ, ಫ್ಲೋರಿಬುಂಡ. ನರ್ಸರಿಯ ಚೀಟಿಯಲ್ಲಿ ‘ಮ್ಯಾಕ್ರೊಬೋಟ್ರಿಸ್’ ಅಂತಿತ್ತು. ಚೆನ್ನಾಗಿ ಒಗ್ಗಿದರೆ ಮೀಟರ್ ಉದ್ದದ ಗೊಂಚಲು ಇಳಿಬಿಡುವ ತಳಿ. ಕಸಿ ಗಿಡ ಅಂದರೆ ಮೂರು–ನಾಲ್ಕು ವರ್ಷಕ್ಕೆ ಹೂವು ಬರಬೇಕು. ನಾಲ್ಕು ಕಳೆಯಿತು, ಐದೂ ಕಳೆಯಿತು. ಎಲೆ ಮಾತ್ರ ಕಾಡಿನ ಹಾಗೆ.

ಮೊದಲು ಗೊಬ್ಬರವನ್ನು ಬೈದೆ. ಇದು ಅವರೆ, ಬಟಾಣಿಯ ಬಳಗ. ಬೇರಲ್ಲೇ ಸಾರಜನಕ ಹಿಡಿದುಕೊಳ್ಳುತ್ತದೆ, ನಾವು ಜಾಸ್ತಿ ಕೊಟ್ಟರೆ ಬರೀ ಸೊಪ್ಪು. ಸಾರಜನಕ ನಿಲ್ಲಿಸಿ ಪೊಟ್ಯಾಶ್ ಕೊಟ್ಟೆ. ಆಮೇಲೆ ಕತ್ತರಿ. ಬೇಸಿಗೆಯಲ್ಲಿ ಐದಾರು ಎಲೆ ಬಿಟ್ಟು, ಚಳಿಗಾಲದಲ್ಲಿ ಎರಡು ಮೂರು ಮೊಗ್ಗು ಬಿಟ್ಟು, ಒಂದು ವರ್ಷವೂ ತಪ್ಪದೆ ಸವರಿದೆ. ಐದನೇ ವರ್ಷ ಬುಡದ ಸುತ್ತ ಸಲಿಕೆ ಇಳಿಸಿ ಬೇರು ಕತ್ತರಿಸಿ ಹೆದರಿಸಿದೆ. ಅದು ಹೆದರಲಿಲ್ಲ, ಸೂರಿನ ನೀರಿನ ಪೈಪನ್ನೇ ಕಿತ್ತು ಹಾಕಿತು. ನರ್ಸರಿಗೆ ಪ್ರತಿ ವರ್ಷ ಫೋನ್ ಮಾಡಿದೆ. ಪ್ರತಿ ವರ್ಷ ಒಂದೇ ಉತ್ತರ: ‘ತಾಳ್ಮೆ ಇರಲಿ ಸಾರ್.’

ಕಳೆದ ಚಳಿಗಾಲ, ಎಲೆ ಉದುರಿದ ಮೇಲೆ, ಆ ಪೈಪಿನಿಂದ ಬಳ್ಳಿ ಬಿಡಿಸಲು ಏಣಿ ಹತ್ತಿದ್ದೆ. ಜಪಾನಿನ ವಿಸ್ಟೀರಿಯಾ ಮೇಲಿಂದ ನೋಡಿದರೆ ಪ್ರದಕ್ಷಿಣೆಯಾಗಿ ಸುತ್ತುತ್ತದೆ, ಚೀನಾದ್ದು ಅಪ್ರದಕ್ಷಿಣೆ. ಇದು ಎಲ್ಲರಿಗೂ ಬಾಯಿಪಾಠ, ನನಗೂ. ಆದರೆ ಏಳು ವರ್ಷದಲ್ಲಿ ಒಂದು ಸಲವೂ ಪರೀಕ್ಷಿಸಿ ನೋಡಿರಲಿಲ್ಲ! ಬಿಡಿಸುವಾಗ ಕೈ ಯಾಕೋ ನಾನು ಅಂದುಕೊಂಡ ದಿಕ್ಕಿಗೆ ಹೋಗುತ್ತಿಲ್ಲ. ಕೆಳಗಿಳಿದು ನೋಡಿದೆ, ಸರಿ ಇದ್ದ ಹಾಗೆ ಕಂಡಿತು. ಕೆಳಗಿಂದ ನೋಡಿದರೆ ದಿಕ್ಕು ತಿರುಗುಮುರುಗಾಗುತ್ತೆ ಅಲ್ವಾ? ಮತ್ತೆ ಹತ್ತಿದೆ. ಕೈಗಡಿಯಾರ ಬಿಚ್ಚಿ ಕಾಂಡದ ಪಕ್ಕ ಹಿಡಿದು, ಮೇಲಿಂದ ಬಗ್ಗಿ, ಬುಡದ ಕಡೆಯಿಂದ ತುದಿಯ ಕಡೆಗೆ ಬೆರಳು ಜಾರಿಸಿದೆ. ಸೆಕೆಂಡ್ ಮುಳ್ಳು ಒಂದು ಕಡೆ, ಬೆರಳು ಇನ್ನೊಂದು ಕಡೆ. ಐದು ಜಾಗದಲ್ಲಿ ನೋಡಿದೆ. ಐದೂ ಚೀನಾ.

ಚೀಟಿಯೇ ತಪ್ಪು ಅಂತ ನರ್ಸರಿಯವರನ್ನು ಬೈಯಲು ಮಾತು ಜೋಡಿಸಿಕೊಂಡೇ ಬುಡ ಕೆದಕಿದೆ. ಎರಡು ಬೆರಳು ಆಳದಲ್ಲಿ ಕಸಿಯ ಗಂಟು, ಎರಡು ಗಿಡ ಕೂಡಿದ ಜಾಗ, ಸಿಕ್ಕಿತು. ಪ್ರತಿ ವರ್ಷ ಪ್ರೀತಿಯಿಂದ ಎಲೆಗೊಬ್ಬರ ಸುರಿದು ಅದನ್ನು ಹೂತು ಹಾಕಿದ್ದವನು ನಾನೇ. ಮಣಿಕಟ್ಟಿನಷ್ಟು ದಪ್ಪದ ಕಾಂಡ ಎದ್ದಿದ್ದು ಗಂಟಿನ ಕೆಳಗಿಂದ. ಗಂಟಿನ ಮೇಲೆ, ಗೋಡೆಗೂ ಆ ದಪ್ಪ ಕಾಂಡಕ್ಕೂ ನಡುವೆ, ಪೆನ್ಸಿಲ್ ಗಾತ್ರದ ಒಂದು ಬಡಕಲು ಕಡ್ಡಿ. ಅದು ಎರಡೇ ಸುತ್ತು ಸುತ್ತಿತ್ತು. ಪ್ರದಕ್ಷಿಣೆ. ಉಗುರಿನಿಂದ ಗೀರಿದೆ, ತೊಗಟೆ ಒಳಗೆ ಹಸಿರು. ಜೀವ ಇತ್ತು.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಆಗಿತ್ತು. ಕಸಿಗೆ ಬೇರು ಕೊಡುವುದು ಸಾಮಾನ್ಯವಾಗಿ ಬೀಜದಿಂದ ಎದ್ದ ಚೀನಾ ಗಿಡ. ಬೀಜದ ಗಿಡ ಹೂ ಬಿಡಲು 10–15 ವರ್ಷ, ಕೆಲವಕ್ಕೆ 20. ನಾನು ಗೊಬ್ಬರ ಹಾಕಿ, ಸವರಿ, ಮುದ್ದು ಮಾಡಿದ್ದೆಲ್ಲ ಅದನ್ನೇ.

ಉಳಿಸಿಕೊಳ್ಳೋಣವಾ ಅಂತ ಒಂದು ರಾತ್ರಿ ಯೋಚಿಸಿದೆ. ಚೀನಾದ್ದು ಎಲೆ ಬರುವ ಮೊದಲೇ ಬರಿ ಕೊಂಬೆಯ ತುಂಬ ಹೂ ಬಿಡುತ್ತದೆ, ಅದೂ ಚಂದವೇ. ಆದರೆ ಬೀಜದ ಗಿಡದ ಹೂ ಹೇಗಿರುತ್ತೋ ಯಾರಿಗೆ ಗೊತ್ತು? ಬೆಳಿಗ್ಗೆ ಗರಗಸ ತಂದೆ. ಸಕರ್, ಅಂದರೆ ಗಂಟಿನ ಕೆಳಗಿಂದ ಏಳುವ ಚಿಗುರು, ಎಳೆಯದಿದ್ದಾಗ ಬುಡದಿಂದಲೇ ಸಿಗಿದು ಕೀಳಬೇಕು. ಇದು ಸಿಗಿಯುವ ವಯಸ್ಸು ದಾಟಿತ್ತು. ಕೊಯ್ಯಲು ನಲವತ್ತು ನಿಮಿಷ, ತಂತಿಯಿಂದ ಬಿಡಿಸಲು ಎರಡು ದಿನ.

ಅಂದ ಹಾಗೆ, ಈ ಗಿಡದ ಹೆಸರೇ ಒಂದು ಎಡವಟ್ಟು. 1818ರಲ್ಲಿ ಸಸ್ಯಶಾಸ್ತ್ರಜ್ಞ ಥಾಮಸ್ ನಟಾಲ್ ಇದಕ್ಕೆ ಕ್ಯಾಸ್ಪರ್ ವಿಸ್ಟರ್ ಎಂಬ ವೈದ್ಯರ ನೆನಪಿಗೆ ಹೆಸರಿಟ್ಟ. ಇಂಗ್ಲಿಷಿನಲ್ಲಿ ವೈದ್ಯರ ಹೆಸರಿನ (Wistar) ‘a’ ಅಕ್ಷರ ಗಿಡದ ಹೆಸರಲ್ಲಿ (Wisteria) ‘e’ ಆಯಿತು, ಹಾಗೇ ಉಳಿಯಿತು. ನನ್ನ ಚೀಟಿ ಸರಿಯಾಗಿಯೇ ಇತ್ತು ಅನ್ನೋದೇ ಈಗ ದೊಡ್ಡ ಬೇಜಾರು.

ವಸಂತದಲ್ಲಿ ಕೊಯ್ದ ಮೋಟಿನಿಂದ ಒಂದೇ ತಿಂಗಳಲ್ಲಿ ಹನ್ನೊಂದು ಚಿಗುರು. ಎಳೆಯದಿದ್ದಾಗಲೇ ಹೆಬ್ಬೆರಳಿನಿಂದ ಉಜ್ಜಿ ಉದುರಿಸಿದೆ. ಬಡಕಲು ಕಡ್ಡಿ ಬೇಸಿಗೆ ಮುಗಿಯುವಷ್ಟರಲ್ಲಿ ಎರಡನೇ ತಂತಿ ಮುಟ್ಟಿತು. ದಿನಾ ಬೆಳಿಗ್ಗೆ ಗಡಿಯಾರ ಹಿಡಿದು ಸುತ್ತು ನೋಡುವುದು ಈಗ ಚಟ.

ಮುಂದಿನ ಯೋಜನೆಗೂ ಕೈ ಹಾಕಿದ್ದೇನೆ. ಇದರದೇ ಒಂದು ಉದ್ದ ಕವಲು ಬಾಗಿಸಿ, ಅಡಿಭಾಗ ಸ್ವಲ್ಪ ಗೀರಿ, ಮಣ್ಣಲ್ಲಿ ಹೂತು ಕಲ್ಲು ಇಟ್ಟಿದ್ದೇನೆ. ಬೇರು ಬಿಟ್ಟರೆ ಸ್ವಂತ ಬೇರಿನ ಗಿಡ, ಕೆಳಗಿಂದ ಎದ್ದು ಮೋಸ ಮಾಡುವವರು ಯಾರೂ ಇಲ್ಲ. ಅದನ್ನು ಕುಂಡದಲ್ಲಿ ಒಂಟಿ ಕಾಂಡದ ಪುಟ್ಟ ಮರವಾಗಿ ಬೆಳೆಸುವ ಆಸೆ. ಕುಂಡ ತರಿಸಿಯೂ ಆಯಿತು. ತಳದಲ್ಲಿ ತೂತಿಲ್ಲ. ಕೇಳಿದರೆ ‘ನೀವೇ ಹಾಕ್ಕೊಳ್ಳಿ’ ಅಂದರು.

ಈ ವಾರ ಎಲೆ ಪೂರ್ತಿ ಉದುರಿತು. ಕೆಳಗಿನ ಗಿಡ್ಡ ಕವಲಲ್ಲಿ ಮೂರು ಮೊಗ್ಗು. ಎರಡು ಸಪೂರ, ಚೂಪು. ಅವು ಎಲೆಯವು. ಮೂರನೆಯದು ದಪ್ಪ, ಹೊಟ್ಟೆ ಉಬ್ಬಿದೆ, ಕಂದು ಪೊರೆ ಬಿಗಿಯಾಗಿ ಮುಚ್ಚಿಕೊಂಡಿದೆ. ಮನೆಯವಳನ್ನು ಕರೆದು ತೋರಿಸಿದೆ. ಬಗ್ಗಿ ನೋಡಿ, ‘ಇದು ಹುಳದ ಗೂಡಲ್ವಾ?’ ಅಂದಳು.

ಉತ್ತರ ಕೊಡದೆ ಭೂತಗನ್ನಡಿ ತರಲು ಒಳಗೆ ಹೋದೆ.