ಮೂರನೇ ಸಿಡಿ

ಗೀರು ಇದ್ದದ್ದು ಮೂರನೇ ಸಿಡಿಯ ಮೇಲೆ. ಕತ್ತರಿಸಿ ಬಿಸಾಕಿದ ಉಗುರಿನಷ್ಟೇ ಉದ್ದ, ಹಾಗೇ ಬಾಗಿತ್ತು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿತ್ತು. ಅಣ್ಣ ಎಲ್ಲೋ ಕೇಳಿಕೊಂಡು ಬಂದು ಅದಕ್ಕೆ ಟೂತ್‌ಪೇಸ್ಟ್ ಸವರಿದ. ಹಳೇ ಬಟ್ಟೆಯಿಂದ ನಾನು ಉಜ್ಜಿದೆ. ಸಿಡಿ ಪುದೀನ ವಾಸನೆ ಹೊಡೆಯಿತೇ ಹೊರತು ಓಡಲಿಲ್ಲ. ಡ್ರೈವ್ ಸುಮಾರು ಹೊತ್ತು ಗುರ್ ಅಂದು, ಆಮೇಲೆ ಸುಮ್ಮನಾಗುತ್ತಿತ್ತು. ಕಂಪ್ಯೂಟರ್ ಆಟದೊಳಗಿನ ನಮ್ಮ ರೈಲು ಅಲ್ಲೇ ನಿಂತಿತು. ಆ ರೈಲು ಕೊನೆಗೆ ಎಲ್ಲಿಗೆ ಹೋಯಿತು, ಯಾರು ಉಳಿದರು, ಯಾರು ಸತ್ತರು ಅಂತ ನನಗೆ ಗೊತ್ತಾಗಿದ್ದು ಕಳೆದ ತಿಂಗಳು.

ಆಟದ ಹೆಸರು ‘ದಿ ಲಾಸ್ಟ್ ಎಕ್ಸ್‌ಪ್ರೆಸ್’. 1997ರಲ್ಲಿ ಬಂದದ್ದು, ಮೂರು ಸಿಡಿ ತುಂಬ. ಅದರ ಹಿಂದಿದ್ದವರು ಜೋರ್ಡನ್ ಮೆಕ್ನರ್. ‘ಪ್ರಿನ್ಸ್ ಆಫ್ ಪರ್ಷಿಯಾ’ ಮಾಡಿದ್ದರಲ್ಲ, ಅವರೇ. ಕತ್ತಿ ಹಿಡಿದು ಹಾರುವ ಆ ರಾಜಕುಮಾರನನ್ನು ನೋಡಿ ಇದೂ ಹಾಗೇ ಇರಬಹುದು ಅಂತ ಅಣ್ಣ ತಂದಿದ್ದ. ಇಲ್ಲಿ ಹಾರೋದು ತೀರಾ ಕಮ್ಮಿ. ಬಾಗಿಲ ಹೊರಗೆ ನಿಂತು ಕದ್ದು ಕೇಳೋದು, ಬೇರೆಯವರ ಪೆಟ್ಟಿಗೆ ತೆಗೆದು ನೋಡೋದು, ಊಟದ ಬೋಗಿಯಲ್ಲಿ ಸುಮ್ನೆ ಕೂತಿರೋದು, ಇದೇ ಜಾಸ್ತಿ. ಅಣ್ಣನಿಗೆ ಮೊದಲ ಅರ್ಧ ಗಂಟೆಯಲ್ಲೇ ಬೇಜಾರಾಯಿತು. ನನಗಾಗಲಿಲ್ಲ. ಹಾಗಾಗಿ ಒಂದು ಒಪ್ಪಂದ ಆಯಿತು: ಮೌಸ್ ಅವನ ಕೈಯಲ್ಲಿ, ನೋಟ್‌ಬುಕ್ ನನ್ನ ಕೈಯಲ್ಲಿ. ಯಾರು ಎಷ್ಟು ಗಂಟೆಗೆ ಯಾವ ಕೂಪೆಯಿಂದ ಹೊರಗೆ ಬಂದರು, ಯಾರ ಜೊತೆ ಕೂತರು ಅಂತ ಬರೆದುಕೊಳ್ಳುವುದು ನನ್ನ ಕೆಲಸ. ಒಬ್ಬೊಬ್ಬರಿಗೂ ಒಂದೊಂದು ಪುಟ.

ಕಥೆ ಶುರುವಾಗುವುದು 1914ರ ಜುಲೈ 24ರ ಸಂಜೆ. ಪ್ಯಾರಿಸ್‌ನಿಂದ ಕಾನ್‌ಸ್ಟಾಂಟಿನೋಪಲ್‌ಗೆ, ಅಂದರೆ ಈಗಿನ ಇಸ್ತಾನ್‌ಬುಲ್‌ಗೆ, ಓರಿಯಂಟ್ ಎಕ್ಸ್‌ಪ್ರೆಸ್ ಹೊರಟಿದೆ. ರಾಬರ್ಟ್ ಕ್ಯಾತ್ ಅನ್ನೋ ಅಮೆರಿಕದ ಡಾಕ್ಟರು ಪೊಲೀಸರಿಂದ ತಪ್ಪಿಸಿಕೊಂಡು, ಮೋಟರ್‌ಸೈಕಲ್ಲಿನ ಮೇಲಿಂದ ಓಡುವ ರೈಲಿಗೆ ಜಿಗಿಯುತ್ತಾನೆ. ಗೆಳೆಯ ಟೈಲರ್ ವಿಟ್ನಿ ಬಾ ಅಂತ ಕರೆದಿರುತ್ತಾನೆ. ಕೂಪೆಯ ಬಾಗಿಲು ತೆಗೆದರೆ ಟೈಲರ್ ಹೆಣವಾಗಿ ಬಿದ್ದಿದ್ದಾನೆ. ಆಡುವ ನೀವೇ ಕ್ಯಾತ್, ನಿಮ್ಮ ಬಟ್ಟೆಗೆ ರಕ್ತ ಹತ್ತಿದೆ. ಕಂಡಕ್ಟರ್ ಯಾವ ಗಳಿಗೆಯಲ್ಲಾದರೂ ಹಾಸಿಗೆ ಹಾಸಲು ಬರಬಹುದು. ಇನ್ನು ನೀವುಂಟು, ರೈಲುಂಟು.

ನಾವು ಮೊದಲ ಸಲ ಏನು ಮಾಡಿದೆವು ಅಂತ ಹೇಳಲೇಬೇಕು. ಅಣ್ಣ ಹೆಣವನ್ನು ಹಾಗೇ ಬಿಟ್ಟು, ರಕ್ತದ ಕೋಟಿನಲ್ಲೇ ಕಾರಿಡಾರ್‌ಗೆ ನಡೆದ. ಅಲ್ಲಿಗೆ ಆಟ ಮುಗಿಯಿತು. ಎರಡನೇ ಸಲ ಟೈಲರ್‌ನ ಕೋಟು ಹಾಕಿಕೊಂಡು ಹೊರಟ, ಹೆಣದ ನೆನಪೇ ಇಲ್ಲ. ಮತ್ತೆ ಮುಗಿಯಿತು. ‘ಮೊದಲು ಅವನನ್ನ ಎಲ್ಲಾದ್ರೂ ಬಚ್ಚಿಡೋ ಅಣ್ಣಾ’ ಅಂತ ನಾನು ಕೂಗಿದ್ದು ಪಕ್ಕದ ಕೋಣೆಯಲ್ಲಿದ್ದ ಅಮ್ಮನಿಗೆ ಕೇಳಿಸಿ, ಅವರು ಓಡಿ ಬಂದಿದ್ದರು.

ಈ ಆಟ ನಿಮಗೋಸ್ಕರ ಕಾಯುವುದಿಲ್ಲ. ಒಳಗಿನ ಗಡಿಯಾರ ನಮ್ಮ ಗಡಿಯಾರದ ಆರು ಪಟ್ಟು ವೇಗದಲ್ಲಿ ಓಡುತ್ತದೆ. ನಮ್ಮ ಒಂದು ನಿಮಿಷಕ್ಕೆ ಅಲ್ಲಿ ಆರು ನಿಮಿಷ. ನೀವು ಏನೂ ಮಾಡದೆ ಕೂತರೂ ಜನ ಎದ್ದು ಓಡಾಡುತ್ತಾರೆ, ಊಟ ಮಾಡುತ್ತಾರೆ, ಜಗಳ ಆಡುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ನೀವು ಒಂದು ಮಾತು ಕೇಳಿಸಿಕೊಳ್ಳುತ್ತಿದ್ದರೆ ಇನ್ನೊಂದು ಬೋಗಿಯಲ್ಲಿ ಇನ್ಯಾರದ್ದೋ ಮಾತು ತಪ್ಪಿಹೋಗಿರುತ್ತದೆ. ಹೆಚ್ಚಿನ ಸಾಹಸದ ಆಟಗಳಲ್ಲಿ ಮುದುಕನೊಬ್ಬ ಸೇತುವೆ ಹತ್ತಿರ ನಿಂತರೆ ನೀವು ಹೋಗಿ ಮಾತಾಡಿಸುವ ತನಕ ವರ್ಷಗಟ್ಟಲೆ ನಿಂತೇ ಇರುತ್ತಾನೆ. ಇಲ್ಲಿ ರಷ್ಯದ ಮುದಿ ಕೌಂಟ್ ಒಬೊಲೆನ್‌ಸ್ಕಿಗೆ ತನ್ನದೇ ಕೆಲಸ, ತನ್ನದೇ ಸಿಟ್ಟು. ನೀವು ಇದ್ದರೆಷ್ಟು, ಬಿಟ್ಟರೆಷ್ಟು.

ಆಡಿದಷ್ಟನ್ನು ನಾವೇ ಸೇವ್ ಮಾಡಿಟ್ಟುಕೊಳ್ಳುವುದೂ ಇಲ್ಲ. ಅದರ ಬದಲು ಮೊಟ್ಟೆಯ ಆಕಾರದ ಗಡಿಯಾರ ಇದೆ. ತಪ್ಪು ಮಾಡಿದರೆ ಮುಳ್ಳನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಆಡಬೇಕು. ಅಲ್ಲಿಂದ ಬೇರೆ ದಾರಿ ಹಿಡಿದರೆ ಮೊದಲು ಆಡಿದ್ದೆಲ್ಲ ಅಳಿಸಿಹೋಗುತ್ತದೆ. ಹೀಗೆ ಎಷ್ಟು ಸಲ ಹಿಂದೆ ಹೋದೆವೋ, ನೋಟ್‌ಬುಕ್ ಎಲ್ಲ ಕಾಟು ಹೊಡೆದ ಸಾಲುಗಳೇ.

ಹಳೇ ಆಟಗಳನ್ನು ಮಾರುವ ಜಿಒಜಿ ಅನ್ನೋ ಆನ್‌ಲೈನ್ ಅಂಗಡಿಗೆ, ಡಿಜಿಟಲ್ ರೂಪದಲ್ಲಿ, ಆ ಆಟ ಬಂದದ್ದು 2011ರಲ್ಲಿ. ಮರುವರ್ಷ ಐಫೋನ್, ಐಪ್ಯಾಡ್‌ಗೆ ಬಂತು. 2013ರಲ್ಲಿ ಸ್ಟೀಮ್ ಅನ್ನೋ ಇನ್ನೊಂದು ಆನ್‌ಲೈನ್ ಅಂಗಡಿಗೂ ಬಂತು. ನನ್ನ ಕಣ್ಣಿಗೆ ಬಿದ್ದದ್ದು ಎಷ್ಟೋ ತಡವಾಗಿ. ಏನೋ ಹುಡುಕುತ್ತಿದ್ದಾಗ ಆ ಮುಖಪುಟದ ಚಿತ್ರ ಕಂಡಿತು. ಬೆಲೆ ನೋಡುವ ಮೊದಲೇ ಕೊಂಡಿದ್ದೆ. ಇಳಿಸಿಕೊಳ್ಳಲು ಹಿಡಿದ ಸಮಯ ನಾವು ಆ ಗೀರನ್ನು ಉಜ್ಜಿದ್ದಕ್ಕಿಂತ ಕಮ್ಮಿ.

ಮರುಬಿಡುಗಡೆ ಅಂದರೆ ಹೊಸದಾಗಿ ಬಣ್ಣ ಬಳಿದದ್ದು ಅಂದುಕೊಳ್ಳಬೇಡಿ. ನಾನು ಕೊಂಡ ಆವೃತ್ತಿಯಲ್ಲಿ ಆಟ ಹಾಗೇ ಇದೆ. ಚಿತ್ರ 640ಕ್ಕೆ 480 ಪಿಕ್ಸೆಲ್‌ನದ್ದೇ, ದೊಡ್ಡ ತೆರೆಯಲ್ಲಿ ಹಿಗ್ಗಿಸಿದರೆ ಅಂಚುಗಳು ಮಸುಕು. ನಾನು ತೆರೆಯ ಮೇಲಿನ ಆಟದ ಕಿಟಕಿಯನ್ನು ಚಿಕ್ಕದು ಮಾಡಿಕೊಂಡು, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಆಡಿದೆ. ಹಾಗೆ ನೋಡಿದರೆ ಅದರ ಚಂದ ಇವತ್ತಿಗೂ ಮುಕ್ಕಾಗಿಲ್ಲ. ನಿಜವಾದ ನಟರಿಗೆ ಬಣ್ಣ ಹಚ್ಚಿ, ವೇಷ ಹಾಕಿಸಿ, ಕ್ಯಾಮೆರಾದಲ್ಲಿ ಹಿಡಿದು, ಆಮೇಲೆ ಒಂದೊಂದು ಚಿತ್ರವನ್ನೂ ರೇಖೆ ಮತ್ತು ಬಣ್ಣಕ್ಕೆ ಇಳಿಸಿದ್ದಾರೆ. ಆ ಕಾಲದ ಆರ್ಟ್ ನೂವೋ ಪೋಸ್ಟರುಗಳ ಹಾಗೆ: ದಪ್ಪ ಗೆರೆ, ಚಪ್ಪಟೆ ಬಣ್ಣ. ಎದುರು ಕೂತು ಮಾತಾಡುವಾಗ ಮುಖ ಸಲೀಸಾಗಿ ಅಲ್ಲಾಡುವುದಿಲ್ಲ. ಒಂದು ಭಂಗಿ ಕರಗಿ ಇನ್ನೊಂದು ಬರುತ್ತದೆ. ಆಗ ಅಣ್ಣ ಇದನ್ನು ‘ನಮ್ಮ ಕಂಪ್ಯೂಟರ್ ಸ್ಲೋ’ ಅಂದಿದ್ದ. ಇಲ್ಲ, ಅದು ಇರುವುದೇ ಹಾಗೆ. ಅದೇ ವರ್ಷದ ಮೂರು ಆಯಾಮದ ಆಟಗಳ ಮುಖಗಳನ್ನು ಈಗ ನೋಡಿದರೆ ಹಲಗೆಗೆ ಕಣ್ಣು ಅಂಟಿಸಿದ ಹಾಗಿರುತ್ತೆ ಅಲ್ವಾ? ಇದು ಹಳತಾಗಿಲ್ಲ.

ಈಗ ನನ್ನ ಕಸುಬಿನ ಮಾತು. ನಾನು ಸಬ್‌ಟೈಟಲ್ ಬರೆಯುವವಳು. ಎರಡು ಸಾಲು, ಸಾಲಿಗೆ ನಲವತ್ತು ಚಿಲ್ಲರೆ ಅಕ್ಷರ, ಅಷ್ಟರಲ್ಲಿ ಮಾತು ಮುಗಿಯಬೇಕು. ತೆರೆಯ ಮೇಲೆ ಯಾರು ಯಾವ ಭಾಷೆಯಲ್ಲಿ ಏನೇ ಹೇಳಲಿ, ನೋಡುವವರಿಗೆ ತಿಳಿಯಬೇಕು. ನಮಗೆ ಕಲಿಸಿಕೊಡುವ ಮೊದಲ ಪಾಠ ಅದು. ಈ ಆಟ ಅದನ್ನು ಬೇಕೆಂದೇ ಮುರಿಯುತ್ತದೆ. ರೈಲಿನಲ್ಲಿ ಎಲ್ಲರೂ ಅವರವರ ಭಾಷೆಯಲ್ಲೇ ಮಾತಾಡುತ್ತಾರೆ. ಕಂಡಕ್ಟರುಗಳದು ಫ್ರೆಂಚ್, ವ್ಯಾಪಾರಿ ಆಗಸ್ಟ್ ಶ್ಮಿಟ್‌ನದು ಜರ್ಮನ್, ಕೌಂಟ್ ಮತ್ತು ಮೊಮ್ಮಗಳು ಟಟಿಯಾನಾ ರಷ್ಯನ್. ಇವೆಲ್ಲ ಕ್ಯಾತ್‌ಗೆ ಬರುತ್ತವೆ, ಹಾಗಾಗಿ ಕೆಳಗೆ ಅಕ್ಷರ ಮೂಡುತ್ತದೆ. ಸರ್ಬಿಯಾದ ಮಿಲೋಶ್ ಮತ್ತವನ ಜೊತೆಗಾರರು ಸರ್ಬಿಯನ್ ಶುರು ಮಾಡಿದರೆ ಕೆಳಗೆ ಖಾಲಿ. ಕ್ಯಾತ್‌ಗೆ ಬರುವುದಿಲ್ಲ, ಹಾಗಾಗಿ ನಿಮಗೂ ಬರುವುದಿಲ್ಲ.

ಆಗ ನಾವು ಇದನ್ನೂ ಸಿಡಿಯ ದೋಷ ಅಂತಲೇ ತಿಳಿದಿದ್ದೆವು. ಈಗ ಬಾಗಿಲಿಗೆ ಕಿವಿಕೊಟ್ಟು ಪೂರ್ತಿ ಕೇಳಿದೆ. ಒಂದಕ್ಷರವೂ ಅರ್ಥವಾಗಲಿಲ್ಲ. ಆದರೆ ಒಬ್ಬರಿಗೆ ಅವಸರ, ಇನ್ನೊಬ್ಬರಿಗೆ ಅನುಮಾನ ಅನ್ನುವುದು ದನಿಯಲ್ಲೇ ಗೊತ್ತಾಯಿತು. ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ಏನೂ ಬರೆಯದೆ ಬಿಡುವುದೂ ಒಂದು ಸಬ್‌ಟೈಟಲ್ ಅಂತ ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಎಡಿಟರ್ ಒಪ್ಪಲ್ಲ ಬಿಡಿ.

ಇನ್ನೊಂದು ವಿಷಯ, ದಿನಾಂಕದ್ದು. ಶಾಲೆಯಲ್ಲಿ ಮೊದಲ ಮಹಾಯುದ್ಧದ ಕಾರಣಗಳನ್ನು ಉರು ಹೊಡೆದು ಪರೀಕ್ಷೆ ಬರೆದಿದ್ದೆ. ಅದೇ ಕಾಲಕ್ಕೆ ಮನೆಯಲ್ಲಿ ಈ ರೈಲಿನಲ್ಲಿ ಓಡಾಡುತ್ತಿದ್ದೆ. ಎರಡೂ ಒಂದೇ ಅಂತ ತಲೆಗೆ ಹೊಳೆದಿರಲಿಲ್ಲ! ಈ ಸಲ ನಾನೇ ಹೊಸ ಹಾಳೆ ತೆಗೆದು ಗೆರೆ ಎಳೆದೆ. ಜೂನ್ 28ಕ್ಕೆ ಸರಾಯೆವೋದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್‌ನ ಕೊಲೆ. ಜುಲೈ 23ರ ಸಂಜೆ 6ಕ್ಕೆ ಆಸ್ಟ್ರಿಯಾ ಸರ್ಬಿಯಾದ ಕೈಗೆ ಷರತ್ತುಗಳ ಪತ್ರ ಇಟ್ಟು, 48 ಗಂಟೆ ಗಡುವು ಕೊಟ್ಟಿತು. ನಮ್ಮ ರೈಲು ಪ್ಯಾರಿಸ್ ಬಿಡುವುದು ಮರುದಿನ. ಅಂದರೆ ಆಟದ ಎರಡನೇ ದಿನ, 25ರ ಸಂಜೆ, ಗಡುವು ಮುಗಿಯುತ್ತದೆ. ಗಡುವಿಗೆ ಕೆಲವೇ ನಿಮಿಷ ಇರುವಾಗ ಸರ್ಬಿಯಾದ ಪ್ರಧಾನಿ ಪಾಶಿಚ್ ಖುದ್ದು ಉತ್ತರ ತಂದುಕೊಟ್ಟರು. ಬೆಲ್‌ಗ್ರೇಡ್‌ನಲ್ಲಿದ್ದ ಆಸ್ಟ್ರಿಯಾದ ರಾಯಭಾರಿ ಗೀಸ್ಲ್ ಆಗಲೇ ಗಂಟುಮೂಟೆ ಕಟ್ಟಿ ಕೂತಿದ್ದರು. ಉತ್ತರದ ಮೇಲೆ ಕಣ್ಣಾಡಿಸಿದರು, ಇದು ಸಾಲದು ಅಂದರು, 6:30ರ ರೈಲು ಹತ್ತಿ ಹೊರಟೇಬಿಟ್ಟರು. ಮೂರು ದಿನಕ್ಕೆ ಯುದ್ಧ ಘೋಷಣೆ.

ಇದು ಆಟದಲ್ಲಿ ಎಲ್ಲೂ ತೋರಿಸುವುದಿಲ್ಲ. ತೋರಿಸಬೇಕಾಗಿಯೂ ಇಲ್ಲ. ಆದರೆ ಅದು ಗೊತ್ತಿದ್ದು ಊಟದ ಬೋಗಿಯಲ್ಲಿ ಕೂತರೆ ಬೇರೆಯೇ ಅನಿಸುತ್ತದೆ. ರೆಬೆಕಾ ಅನ್ನೋ ಹುಡುಗಿ ದಿನಚರಿ ಬರೆಯುತ್ತಾಳೆ, ಗೆಳತಿ ಸೋಫಿಯ ಬಗ್ಗೆ. ಕದ್ದು ಓದಬಹುದು. ಫ್ರಾಂಸ್ವಾ ಅನ್ನೋ ಪೋರ ಕಾರಿಡಾರ್‌ನಲ್ಲಿ ಓಡಾಡಿ ಎಲ್ಲರ ಕಾಲಿಗೆ ಸಿಗುತ್ತಾನೆ. ಶ್ಮಿಟ್ ಬಂದೂಕು ಮಾರಲು ಹೊರಟವನು, ಮಧ್ಯೆ ಆಸ್ಟ್ರಿಯಾದ ಪಿಟೀಲು ವಾದಕಿ ಅನ್ನಾ ವುಲ್ಫ್ ಮುಂದೆ ನಗುನಗುತ್ತಾ ಕೂರುತ್ತಾನೆ. ರೈಲು ಸ್ಟ್ರಾಸ್‌ಬರ್ಗ್‌ನಲ್ಲಿ ನಿಂತಾಗ ಅದು ಜರ್ಮನಿ, ಫ್ರಾನ್ಸ್ ಅಲ್ಲ. ಈಗಿನ ನಕ್ಷೆ ತಲೆಯಲ್ಲಿಟ್ಟುಕೊಂಡು ಆಡಿದ ನಾನು ಅಲ್ಲಿ ಒಂದು ಕ್ಷಣ ಗಲಿಬಿಲಿಯಾದೆ.

ಇಂಥ ಆಟ ಬಂದಾಗ ಮಾರಾಟದಲ್ಲಿ ಮಕಾಡೆ ಮಲಗಿತು. ಜಾಹೀರಾತು ಇಲ್ಲವೇ ಇಲ್ಲ ಅನ್ನುವಷ್ಟು. ಹಾಕಿದ ಲಕ್ಷಾಂತರ ಡಾಲರ್ ವಾಪಸ್ ಬರಲಿಲ್ಲ. ಮಾಡಿದ ತಂಡವೂ ಉಳಿಯಲಿಲ್ಲ.

ಈಗ ಸಂಗೀತ ಕಛೇರಿಯ ಮಾತು. ಎರಡನೇ ದಿನ ಕ್ರೋನೋಸ್ ಅನ್ನೋ ಶ್ರೀಮಂತ ತನ್ನ ಖಾಸಗಿ ಬೋಗಿಯಲ್ಲಿ ಪ್ರಯಾಣಿಕರನ್ನೆಲ್ಲ ಕೂರಿಸಿ ಪಿಯಾನೋ ನುಡಿಸುತ್ತಾನೆ, ಅನ್ನಾ ಪಿಟೀಲು. ಸಂಗೀತಕಾರ ಸೇಸಾರ್ ಫ್ರಾಂಕ್ ಪಿಟೀಲು, ಪಿಯಾನೋಗೆ ಬರೆದ ಸೊನಾಟಾ. 1886ರಲ್ಲಿ ಪಿಟೀಲು ವಾದಕ ಇಸಾಯಿ ಮದುವೆಗೆ ಉಡುಗೊರೆಯಾಗಿ ಬರೆದದ್ದು ಅದು. ಎಲ್ಲರೂ ಅಲ್ಲಿ ಕೂತಿರುವಾಗ ಕೂಪೆಗಳು ಖಾಲಿ. ಕ್ಯಾತ್ ಮೆಲ್ಲಗೆ ಎದ್ದು ಹೋಗಿ ತನ್ನ ಕೆಲಸ ಮಾಡಿಕೊಳ್ಳಬೇಕು. ನೋಟ್‌ಬುಕ್ಕಿನಲ್ಲಿ ನಾನು ದಪ್ಪಕ್ಷರದಲ್ಲಿ ಬರೆದಿದ್ದೆ: ‘ಸಂಗೀತ ಶುರು. ಓಡು.’ ಅಣ್ಣ ಓಡಿದ್ದ. ಆ ಸಂಗೀತ ನನಗೆ ನೆನಪಿದ್ದದ್ದು ಬಾಗಿಲು ಹಾಕಿಕೊಳ್ಳುವಾಗ ಕೇಳುವ ಎರಡು ಸಾಲು ಮಾತ್ರ.

ಈ ಸಲ ಕ್ಯಾತ್‌ನನ್ನು ಕುರ್ಚಿಯಿಂದ ಏಳಿಸಲಿಲ್ಲ. ಮೌಸ್ ಬಿಟ್ಟು ಕೈಕಟ್ಟಿ ಕೂತೆ. ಆಚೀಚೆ ತಿರುಗಿ ನೋಡಬಹುದು, ಅಷ್ಟೇ. ಜನ ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟುತ್ತಾರೆ. ಅನ್ನಾ ಮುಖ ಒಂದು ಭಂಗಿಯಿಂದ ಇನ್ನೊಂದಕ್ಕೆ ಕರಗುತ್ತದೆ, ಕಮಾನು ಒಂದು ಕಡೆ ಇರುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ಕಡೆ. ಗಡಿಯಾರ ಆರು ಪಟ್ಟು ಓಡುತ್ತಲೇ ಇತ್ತು. ಮಾಡಬೇಕಾದ ಕೆಲಸ ಒಂದೂ ಆಗಲಿಲ್ಲ. ಸಂಗೀತ ನಿಂತ ಮೇಲೆ ಮುಳ್ಳನ್ನು ಹಿಂದಕ್ಕೆ ತಿರುಗಿಸಿ, ಅದೇ ಕುರ್ಚಿಯಲ್ಲಿ ಕೂತು, ಈ ಸಲ ಎದ್ದು ಓಡಿದೆ.

ಕೊನೆ ಮುಟ್ಟಿದ್ದು ಒಂದು ಶನಿವಾರ, ರಾತ್ರಿ ಎರಡು ಗಂಟೆಗೆ. ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ. ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿದೆ.

‘ರೈಲು ಕೊನೆಗೆ ಏನಾಯ್ತು ಹೇಳ್ಲಾ?’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಬೇಡ ಕಣೆ. ಆ ನೋಟ್‌ಬುಕ್ ಇದ್ಯಾ?’

‘ಎಲ್ಲಿ ಇರತ್ತೆ? ಯಾವಾಗ್ಲೋ ರದ್ದಿಗೆ ಹೋಯ್ತು.’

‘ಹಾಗಾದ್ರೆ ಹೊಸದೊಂದು ತಗೊಂಡಿರು. ಮುಂದಿನ ಭಾನುವಾರ ಬರ್ತೀನಿ. ಮೌಸ್ ನಂದೇ.’