ಹೊಳವಾದಾಗ ಇಳಿದೆವು
ಶಿರಸಿಯಿಂದ ಕುಮಟಾ 60 ಕಿ.ಮೀ. ಆಸುಪಾಸು. ಹಿಂದಿನ ಸೀಟಿನಲ್ಲಿ ನನ್ನ ನಾಯಿಗಳು ಕರಿಯ, ಚಿನ್ನು ಇದ್ದರೆ ನನಗೆ ಅರ್ಧ ದಿನ ಬೇಕು. ದೇವಿಮನೆ ಘಟ್ಟದಲ್ಲಿ ಮಳೆ ಹೊಳವಾಯಿತೆಂದು ಇಳಿದೆವು. ಹತ್ತೇ ನಿಮಿಷ! ಕರಿಯನ ಬೆರಳ ಸಂದಿಯಲ್ಲಿ ಮೂರು ಉಂಬಳ (ಜಿಗಣೆ), ಚಿನ್ನುವಿನ ಮೂಗಿನ ಹತ್ತಿರ ಒಂದು. ಜಗ್ಗಿ ಕೀಳಬಾರದು, ಕಚ್ಚಿದ ಬಾಯಿಯ ಬುಡಕ್ಕೆ ಉಗುರು ಕೊಟ್ಟು ಮೆಲ್ಲಗೆ ಜಾರಿಸಬೇಕು. ಉಂಬಳದ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಹಾಗಾಗಿ ಸ್ವಲ್ಪ ಹೊತ್ತು ಸೋರುತ್ತದೆ. ಅದಕ್ಕೆ ನಾನು ಹೆದರುವುದಿಲ್ಲ. ಹೆದರುವುದು ರಸ್ತೆ ಬದಿಯ ನಿಂತ ನೀರಿಗೆ. ಅಂಥ ನೀರಿನಿಂದ ಹರಡುವ ಇಲಿಜ್ವರ ನಾಯಿಗಳಿಗೂ ಬರುತ್ತದೆ. ಲಸಿಕೆ ಹಾಕಿಸಿದ್ದರೂ ಮನೆಯಿಂದ ತಂದ ನೀರನ್ನೇ ಕುಡಿಸುತ್ತೇನೆ.

ಕುಮಟಾ ದಾಟಿ ಕಾರವಾರ ಮುಟ್ಟುವಾಗ ಸಂಜೆ. ದೋಣಿಗಳೆಲ್ಲ ದಡದಲ್ಲಿ. ಚಿನ್ನು ಅಲೆಗೆ ಬೊಗಳಿದಳು, ಕರಿಯ ನನ್ನ ಕಾಲಿಗೆ ಒರಗಿ ನಿಂತ. ಮತ್ತೆ ಹನಿ ಶುರುವಾಯಿತು.