ಕಾಗದದ ಮೇಲಿನ ಚರೆ

ಅಮೆರಿಕದ ಮಿಸೌರಿಯಲ್ಲಿ ಏಪ್ರಿಲ್ ಬಂತೆಂದರೆ ಟರ್ಕಿ ಕೋಳಿ ಬೇಟೆ. ಕಾಡಿಗೆ ಹೋಗೋ ಮೊದಲು ಕೋವಿ ಚರೆಯನ್ನು, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳನ್ನು, ಹೇಗೆ ಹರಡುತ್ತೆ ಅಂತ ನೋಡಲೇಬೇಕು. 40 ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ ಹೊಡೆದು, ತೂತು ಹೆಚ್ಚಿರುವ ಕಡೆ 10 ಇಂಚಿನ ವೃತ್ತ ಎಳೆದು ಎಣಿಸೋದು. ನೂರು ದಾಟಿದರೆ ಒಳ್ಳೇದು ಅನ್ನೋದು ಇಲ್ಲಿನ ಬೇಟೆಗಾರರ ಲೆಕ್ಕ.

ಚೋಕ್ ಅಂದರೆ ಚರೆ ಹೆಚ್ಚು ಹರಡದಂತೆ ನಳಿಗೆಯ ತುದಿಯನ್ನು ಕಿರಿದಾಗಿಸೋ ಭಾಗ. ಅದು ಬಿಗಿಯಾದಷ್ಟೂ ಒಳ್ಳೆಯದು ಅಂತೇನಿಲ್ಲ. ಅದೇ ಕೋವಿ, ಅದೇ ಚೋಕ್. ತೋಟಾ ಬದಲಾದರೆ ಸಾಕು, ವೃತ್ತದ ನಡುವೆಯೇ ಅಂಗೈಯಗಲ ಖಾಲಿ! ಆ ಖಾಲಿ ಜಾಗದಲ್ಲಿ ಹಕ್ಕಿಯ ತಲೆ ಇದ್ದಿದ್ದರೆ? ಗಾಯಗೊಂಡು ಪೊದೆ ಸೇರಿ ನರಳುತ್ತಿತ್ತು. ಕೊಲ್ಲುವವನಿಗೆ ಈ ಎಣಿಕೆಯಷ್ಟಾದರೂ ತಾಳ್ಮೆ ಇರಬೇಕು ಅನ್ನಿಸುತ್ತೆ ನನಗೆ.

ಇನ್ನು 20 ಗಜದಲ್ಲೂ ನೋಡಬೇಕು. ಹತ್ತಿರದಲ್ಲಿ ಚರೆ ಮುಷ್ಟಿಯಷ್ಟೇ ಹರಡಿದರೆ ಕತ್ತು ತಪ್ಪೋದು ಬಲು ಸುಲಭ.